ಯಾವುದು ಯಾವುದಕ್ಕೆ ಸಮ?

ವಿಜಯಪುರದಲ್ಲಿ ಹತ್ತನೇ ತರಗತಿಯ ಮಕ್ಕಳು, ಪಾಲಕರು, ಶಿಕ್ಷಕರು ಕೂಡಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಬಿಡಿಸಿದ್ದನ್ನು ಸಾಲುಗಳಾಗಿ ಬರೆದಿದ್ದೇನೆ. ಕೊನೆಗೆ ನಡೆದ ಪ್ರಶ್ನೋತ್ತರವೂ ಇದೆ.

ಎಲ್ಲರಿಗೂ ನಮಸ್ಕಾರ.

ಗಣಿತದ ಶಿಕ್ಷಕರು ದಿನಾ ಕೇಳಿಸಿಕೊಳ್ಳುವ ಪ್ರಶ್ನೆ ಒಂದಿದೆ. ಬೋರ್ಡಿನ ಮೇಲೆ ಲೆಕ್ಕ ಬರೆದು ಇನ್ನೂ ಖಡು ಕೆಳಗಿಟ್ಟಿರುವುದಿಲ್ಲ, ಹಿಂದಿನ ಬೆಂಚಿನಿಂದ ಬರುತ್ತದೆ: "ಸರ, ಇದಕ್ಕ ಯಾವ ಸೂತ್ರಾ ಹಚ್ಚೂದ್ರಿ?" ಲೆಕ್ಕ ಏನು ಹೇಳುತ್ತಿದೆ ಎಂದು ಕೇಳುವವರು ಕಡಿಮೆ. ಉತ್ತರಪತ್ರಿಕೆಯಲ್ಲೂ ಅದೇ. ‘ದತ್ತ’ ಎಂದು ಬರೆದು ಕೆಳಗೊಂದು ಗೆರೆ, ‘ಸೂತ್ರ’ ಎಂದು ಬರೆದು ಇನ್ನೊಂದು ಗೆರೆ, ‘ಬೆಲೆಗಳನ್ನು ಆದೇಶಿಸಿದಾಗ’ ಎಂದು ಬರೆದು ಮತ್ತೊಂದು ಗೆರೆ. ಅಕ್ಷರ ದುಂಡಗಿರುತ್ತದೆ. ಕೊನೆಗೆ ಸೈಕಲ್ಲಿನ ಜವ ಗಂಟೆಗೆ 216 ಕಿಲೋಮೀಟರ್ ಎಂದು ಬಂದಿರುತ್ತದೆ. ಅದರ ಕೆಳಗೆ ಎರಡು ಗೆರೆ.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಸಮೀಕರಣ ಬರೆಯುವ ಮೊದಲು, ಈ ಕಥೆಯಲ್ಲಿ ಯಾವುದು ಯಾವುದಕ್ಕೆ ಸಮ ಎಂದು ಕೇಳಿಕೊಳ್ಳಿ. ಉತ್ತರವನ್ನು ಕನ್ನಡದಲ್ಲಿ, ಅದೂ ಮನೆಯಲ್ಲಿ ಆಡುವ ಕನ್ನಡದಲ್ಲಿ, ಒಂದು ವಾಕ್ಯವಾಗಿ ಬಾಯಿಬಿಟ್ಟು ಹೇಳಿ. ಆ ವಾಕ್ಯ ಬಂತೆಂದರೆ ಸಮೀಕರಣ ಅದರ ಹಿಂದೆಯೇ ಬರುತ್ತದೆ. ಬಾರದಿದ್ದರೆ ಹತ್ತು ಸೂತ್ರ ಬಾಯಿಪಾಠ ಇದ್ದರೂ ಪೆನ್ನು ಕಚ್ಚುತ್ತಾ ಕೂರಬೇಕು. ಕಂಸ ಬಿಡಿಸುವುದು, ಅಪವರ್ತಿಸುವುದು, ಛೇದ ತೆಗೆಯುವುದು, ಇವೆಲ್ಲ ರೂಢಿಯ ಮೇಲೆ ಬರುತ್ತವೆ. ಈಗಂತೂ ಮೊಬೈಲಿಗೆ ಫೋಟೊ ತೋರಿಸಿದರೆ ಅದೂ ಬಿಡಿಸಿಕೊಡುತ್ತದೆ. ಕಷ್ಟ ಇರುವುದು ಎರಡು ತುದಿಗಳಲ್ಲಿ: ಕಥೆಯಿಂದ ಸಮೀಕರಣಕ್ಕೆ ಬರುವಾಗ, ಮತ್ತು ಬಂದ ಉತ್ತರವನ್ನು ಕಥೆಗೆ ಹಚ್ಚಿ ನೋಡುವಾಗ.

ವಿಜಯಪುರದಲ್ಲಿ ನಿಂತು ಬೀಜಗಣಿತದ ಮಾತಾಡುವಾಗ ಭಾಸ್ಕರಾಚಾರ್ಯರನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ ಹುಟ್ಟಿದೆ, 36ನೇ ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿ ರಚಿಸಿದೆ ಎಂದು ಅವರೇ ಬರೆದಿಟ್ಟಿದ್ದಾರೆ. ತಮ್ಮ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದೂ ಹೇಳಿದ್ದಾರೆ. ಅದು ನಮ್ಮ ವಿಜಯಪುರವೇ ಅಂತ ನಾವು. ಅವರ ಮೊಮ್ಮಗ ಚಾಂಗದೇವನ ಕಾಲದ ಶಾಸನ ಸಿಕ್ಕಿರುವುದು ಚಾಳೀಸಗಾಂವ್ ಹತ್ತಿರದ ಪಾಟಣದಲ್ಲಿ, ಆದ್ದರಿಂದ ಅವರು ನಮ್ಮ ಕಡೆಯವರು ಅಂತ ಮಹಾರಾಷ್ಟ್ರದವರು. ಇಲ್ಲಿಂದ ಸಹ್ಯಾದ್ರಿ ಎಷ್ಟು ದೂರ ಎಂದು ನೆನೆಸಿಕೊಂಡರೆ ನಮ್ಮ ವಾದ ಸ್ವಲ್ಪ ಸಡಿಲ ಅಂತಲೇ ನನಗೆ ಅನಿಸುತ್ತದೆ. ಯಾರೂ ಸಿಟ್ಟಾಗಬೇಡಿ. ಲೆಕ್ಕವಂತೂ ಬಿಡಿಸಿದವರದು.

ಲೀಲಾವತಿಯಲ್ಲಿ ಬರುವ ಒಂದು ಲೆಕ್ಕ ತೆಗೆದುಕೊಳ್ಳೋಣ. 9 ಮೊಳ ಎತ್ತರದ ಒಂದು ಕಂಬ. ಅದರ ಬುಡದಲ್ಲಿ ಹಾವಿನ ಬಿಲ, ತುದಿಯಲ್ಲಿ ಒಂದು ನವಿಲು. ಕಂಬದ ಎತ್ತರದ ಮೂರು ಪಟ್ಟು ದೂರದಲ್ಲಿ, ಅಂದರೆ 27 ಮೊಳದಾಚೆ, ಹಾವು ತನ್ನ ಬಿಲದ ಕಡೆ ಬರುತ್ತಿರುವುದು ನವಿಲಿಗೆ ಕಾಣುತ್ತದೆ. ನವಿಲು ಓರೆಯಾಗಿ ಹಾರಿ ಎರಗುತ್ತದೆ. ಎರಡರ ನಡೆಯೂ ಒಂದೇ. ಬಿಲದಿಂದ ಎಷ್ಟು ಮೊಳ ದೂರದಲ್ಲಿ ಹಾವು ಸಿಕ್ಕಿತು?

ಹುಡುಗರು ತಕ್ಷಣ "ಪೈಥಾಗೊರಸ್" ಅನ್ನುತ್ತಾರೆ. ತಪ್ಪಲ್ಲ, ಅವಸರ. ಮೊದಲು ಸಮ ಯಾವುದು ಹೇಳಿ. ಹೊರಟ ಗಳಿಗೆ ಒಂದೇ, ಕೂಡಿದ ಗಳಿಗೆ ಒಂದೇ, ನಡೆಯೂ ಒಂದೇ. ಹಾಗಾದರೆ ಹಾವು ಹರಿದ ದಾರಿ ಮತ್ತು ನವಿಲು ಹಾರಿದ ದಾರಿ ಎರಡೂ ಸಮ. ವಾಕ್ಯ ಸಿಕ್ಕಿತು. ಇನ್ನು ಅಕ್ಷರ. ನೀವು ಎಕ್ಸ್ ಅನ್ನುವ ಜಾಗದಲ್ಲಿ ಭಾಸ್ಕರಾಚಾರ್ಯರು ಯಾವತ್ತಾವತ್ ಎಂಬುದರ ಮೊದಲ ಅಕ್ಷರ ‘ಯಾ’ ಬರೆಯುತ್ತಿದ್ದರು. ಎರಡನೇ ಅಜ್ಞಾತ ಬಂದರೆ ಕಾಲಕ, ಮೂರನೆಯದು ನೀಲಕ, ಹೀಗೆ ಬಣ್ಣಗಳು. ಇವತ್ತು ನಾನೂ ಯಾ ಎಂದೇ ಬರೆಯುತ್ತೇನೆ.

ಯಾ ಅಂದರೆ ಏನು? ಬಿಲದಿಂದ ಹಾವು ಸಿಕ್ಕ ಜಾಗದವರೆಗಿನ ದೂರ, ಮೊಳಗಳಲ್ಲಿ. ಇದನ್ನು ಪೂರ್ತಿ ಬರೆಯಬೇಕು. ‘ಯಾ = ಹಾವು’ ಎಂದು ಬರೆದು ಮುಂದೆ ಹೋಗುವವರಿದ್ದಾರೆ. ಹಾವನ್ನು ವರ್ಗ ಮಾಡಲಿಕ್ಕೆ ಬರುವುದಿಲ್ಲ, ದೂರವನ್ನು ಮಾಡಬಹುದು. ಈಗ ಹಾವು ಹರಿದದ್ದು 27 − ಯಾ. ನವಿಲಿನ ದಾರಿ ಕರ್ಣ, ಅದರ ವರ್ಗ ಯಾ² + 9². ದಾರಿಗಳು ಸಮವಾದರೆ ಅವುಗಳ ವರ್ಗಗಳೂ ಸಮ.

ಯಾ² + 81 = (27 − ಯಾ)²
ಯಾ² + 81 = 729 − 54ಯಾ + ಯಾ²
81 = 729 − 54ಯಾ
54ಯಾ = 648
ಯಾ = 12

ವರ್ಗ ಸಮೀಕರಣ ಬಂತೆಂದು ಹೆದರಿದ್ದೆವು, ಎರಡೂ ಬದಿಯ ಯಾ² ಕಳೆದಾಗ ಸರಳ ಸಮೀಕರಣ ಉಳಿಯಿತು. ಇಲ್ಲಿಗೆ ನಿಲ್ಲಿಸಬೇಡಿ, ಕಂಬದ ಹತ್ತಿರ ವಾಪಸ್ ಹೋಗಿ. ಹಾವು ಹರಿದದ್ದು 27 − 12 = 15 ಮೊಳ. ನವಿಲು ಹಾರಿದ್ದು 144 + 81 = 225ರ ವರ್ಗಮೂಲ, ಅದೂ 15. ತಾಳೆಯಾಯಿತು.

ಇದಕ್ಕೆ ಭಾಸ್ಕರಾಚಾರ್ಯರು ಕೊಟ್ಟ ಸೂತ್ರ ಬೇರೆ. ಕಂಬದ ವರ್ಗವನ್ನು ದೂರದಿಂದ ಭಾಗಿಸು, ಬಂದದ್ದನ್ನು ದೂರದಲ್ಲಿ ಕಳೆ, ಉಳಿದದ್ದನ್ನು ಅರ್ಧ ಮಾಡು. 81 ಭಾಗಿಸು 27 ಅಂದರೆ 3, 27ರಲ್ಲಿ 3 ಹೋದರೆ 24, ಅರ್ಧ 12. ಸೂತ್ರ ಬೇಕೆನ್ನುವವರಿಗೆ ಇದಕ್ಕಿಂತ ರುಚಿಯಾದದ್ದು ಸಿಗಲಿಕ್ಕಿಲ್ಲ. ಆದರೆ ಇದು ಎಲ್ಲಿಂದ ಬಂತು ನೋಡಿ. ದಾರಿಯ ವರ್ಗದಲ್ಲಿ ಯಾ ವರ್ಗ ಕಳೆದರೆ ಕಂಬದ ವರ್ಗ, 81. ವರ್ಗಗಳ ವ್ಯತ್ಯಾಸ ಅಂದರೆ ಮೊತ್ತ ಗುಣಿಸು ವ್ಯತ್ಯಾಸ, ಇದು ನಿಮಗೆ ಬಾಯಿಪಾಠ ಇದೆ. ದಾರಿ ಮತ್ತು ಯಾ ಕೂಡಿದರೆ ಎಷ್ಟು? ಹಾವು ಬಂದಷ್ಟು, ಬರಬೇಕಾಗಿದ್ದಷ್ಟು, ಎರಡೂ ಸೇರಿ ಪೂರ್ತಿ 27. ಹಾಗಾದರೆ ಅವುಗಳ ವ್ಯತ್ಯಾಸ 81/27 = 3. ಮೊತ್ತ 27, ವ್ಯತ್ಯಾಸ 3 ಇರುವ ಎರಡು ಸಂಖ್ಯೆ 15 ಮತ್ತು 12. ಹನ್ನೆರಡನೇ ಶತಮಾನದ ಸೂತ್ರ ನಿಮ್ಮ ಒಂಬತ್ತನೇ ತರಗತಿಯ ನಿತ್ಯಸಮೀಕರಣದಿಂದ ಹೊರಗೆ ಬಂತು. ಇನ್ನೊಂದು ಮಾತು: ನವಿಲು ಹಾರಿದ್ದು ಹಾವು ಕಂಡ ಜಾಗಕ್ಕಲ್ಲ, ಹಾವು ಬರಲಿರುವ ಜಾಗಕ್ಕೆ. ಬೀಜಗಣಿತ ಗೊತ್ತಿದ್ದ ನವಿಲು ಅದು!

ಈಗ ನಡುವಿನ ಹಂತಗಳ ಬಗ್ಗೆ ಸ್ವಲ್ಪ. ಬೋರ್ಡಿನ ಮೇಲೆ 54ಯಾ ಎಡಕ್ಕೆ ಬಂದಾಗ ಮೈನಸ್ ಹೋಗಿ ಪ್ಲಸ್ ಆಯಿತಲ್ಲ, ಯಾಕೆ ಎಂದು ಕೇಳಿದರೆ ಮಕ್ಕಳ ಉತ್ತರ ಗೊತ್ತೇ ಇದೆ.

"ಆ ಕಡಿಂದ ಈ ಕಡೆ ಬಂತಲ್ರಿ ಸರ, ಅದಕ್ಕ."

"ಬಂದ್ರ ಯಾಕ ಬದಲಾಗಬೇಕು?"

"ಬದಲಾಗ್ತೈತ್ರಿ. ಹಂಗ ಐತ್ರಿ ಅದು."

ಪಕ್ಷಾಂತರ ಎಂದು ನಾವು ಕಲಿಸಿದ್ದರ ಫಲ ಇದು. ಯಾವ ಪದವೂ ಎಲ್ಲಿಂದ ಎಲ್ಲಿಗೂ ಹೋಗುವುದಿಲ್ಲ. ಸಮೀಕರಣ ತಕ್ಕಡಿ. ಎಡಕ್ಕೆ ಏನು ಮಾಡಿದರೂ ಬಲಕ್ಕೆ ಅದನ್ನೇ ಮಾಡಬೇಕು. ನಾವು ಎರಡೂ ಬದಿಗೆ 54ಯಾ ಕೂಡಿಸಿದೆವು, ಎರಡೂ ಬದಿಯಲ್ಲಿ 81 ಕಳೆದೆವು, ಅಷ್ಟೇ. ಇದು ಗೊತ್ತಿಲ್ಲದೆ ‘ಆ ಕಡೆ ಹೋದರೆ ಚಿಹ್ನೆ ಬದಲು’ ಎಂದಷ್ಟೇ ಕಲಿತ ಹುಡುಗ 3ಯಾ = 12 ಎಂಬಲ್ಲಿ ಯಾ = 12 − 3 = 9 ಎಂದು ಬರೆಯುತ್ತಾನೆ. ಅವನ ನಿಯಮದ ಪ್ರಕಾರ ಅದು ಸರಿಯೇ, 3 ಆ ಕಡೆ ಹೋಗಿದೆ! ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ: ವರ್ಷದ ಮೊದಲ ತಿಂಗಳಾದರೂ ಪ್ರತಿ ಸಾಲಿನ ಬಲಕ್ಕೆ ಏನು ಮಾಡಿದೆ ಎಂದು ಬರೆಸಿ. ‘ಎರಡೂ ಬದಿ 81 ಕಳೆದೆ.’ ‘ಎರಡೂ ಬದಿ 54ರಿಂದ ಭಾಗಿಸಿದೆ.’ ಹಾಳೆ ಹೆಚ್ಚು ಹೋಗುತ್ತದೆ, ಹೋಗಲಿ.

ಇನ್ನು ನಮ್ಮ ರಸ್ತೆಗೆ ಬರೋಣ. ಸಕ್ಕರೆ ಕಾರ್ಖಾನೆ ಸುರುವಾದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು. ಹಿಂದೆ ಎರಡು ಟ್ರೇಲರು, ಅವುಗಳ ಹಿಂದೆ ಬಹಳ ಸಲ ದೀಪವಿಲ್ಲ, ಮುಂದೆ ಡ್ರೈವರನ ಕಿವಿಗೆ ಹಾರ್ನ್ ಕೇಳದಷ್ಟು ಜೋರು ಹಾಡು. ಅದನ್ನು ಒಂದು ಬಸ್ಸು ಹಿಂದೆ ಹಾಕಬೇಕು. ಬಸ್ಸಿನ ಜವ ಗಂಟೆಗೆ 54 ಕಿಲೋಮೀಟರ್, ಟ್ರ್ಯಾಕ್ಟರಿನದು 18. ಬಸ್ಸಿನ ಉದ್ದ 12 ಮೀಟರ್, ಟ್ರೇಲರುಗಳೂ ಸೇರಿ ಟ್ರ್ಯಾಕ್ಟರು 18 ಮೀಟರ್ ಎಂದಿಟ್ಟುಕೊಳ್ಳಿ. ಹಿಂದೆ 20 ಮೀಟರ್ ಇರುವಾಗ ಬಲಕ್ಕೆ ತೆಗೆದು, ಮುಂದೆ 20 ಮೀಟರ್ ಅಂತರ ಬಿಟ್ಟು ತನ್ನ ಬದಿಗೆ ವಾಪಸ್ ಬರಬೇಕು. ಎಷ್ಟು ಸೆಕೆಂಡು?

ಮೊದಲು ಏಕಮಾನ. ಉದ್ದ ಮೀಟರಿನಲ್ಲಿದೆ, ಕಾಲ ಸೆಕೆಂಡಿನಲ್ಲಿ ಬೇಕು, ಜವ ಮಾತ್ರ ಕಿಲೋಮೀಟರಿನಲ್ಲಿದೆ. 5/18ರಿಂದ ಗುಣಿಸಿ ಎಂದು ನಿಮಗೆ ಗೊತ್ತು. ಅದು 1000 ಮೀಟರನ್ನು 3600 ಸೆಕೆಂಡಿನಿಂದ ಭಾಗಿಸಿದ್ದು. 54 ಅಂದರೆ ಸೆಕೆಂಡಿಗೆ 15 ಮೀಟರ್, 18 ಅಂದರೆ 5 ಮೀಟರ್. ಸೈಕಲ್ಲು ಗಂಟೆಗೆ 216 ಕಿಲೋಮೀಟರ್ ಓಡುವುದು ಈ ಹಂತ ತಲೆಕೆಳಗಾದಾಗಲೇ.

ಈಗ ಸಮ ಯಾವುದು? ಇಲ್ಲಿ ಮಕ್ಕಳು ‘ಸಾಪೇಕ್ಷ ಜವ’ ಎಂದು ಸುರು ಮಾಡುತ್ತಾರೆ. ಅದರ ಹೆಸರೂ ಎತ್ತದೆ ವಾಕ್ಯ ಹೇಳಿ ನೋಡೋಣ: ಅಷ್ಟೇ ಹೊತ್ತಿನಲ್ಲಿ ಬಸ್ಸು ಓಡಿದ್ದು, ಟ್ರ್ಯಾಕ್ಟರು ಓಡಿದ್ದಕ್ಕಿಂತ ಇಷ್ಟು ಮೀಟರ್ ಹೆಚ್ಚು. ಎಷ್ಟು ಹೆಚ್ಚು? ಬಸ್ಸಿನ ಮೂತಿಯನ್ನೇ ನೋಡುತ್ತಿರಿ. ಹಿಂದಿನ ಅಂತರ 20, ಟ್ರ್ಯಾಕ್ಟರಿನ ಉದ್ದ 18, ಮುಂದಿನ ಅಂತರ 20, ಕೊನೆಗೆ ಬಸ್ಸಿನ ತನ್ನದೇ ಉದ್ದ 12. ಒಟ್ಟು 70. ಈ ಕೊನೆಯ 12 ಮರೆಯುವವರೇ ಹೆಚ್ಚು. ಮೂತಿ ದಾಟಿದರೆ ಬಸ್ಸು ದಾಟಿದ ಹಾಗಲ್ಲ, ಹಿಂದಿನ ಸೀಟಿನಲ್ಲೂ ಜನ ಕೂತಿದ್ದಾರೆ.

15ಯಾ = 5ಯಾ + 70
10ಯಾ = 70
ಯಾ = 7

ಆ 10 ಇದೆಯಲ್ಲ, ಅದೇ ಸಾಪೇಕ್ಷ ಜವ. ಕರೆಯದೆಯೇ ಬಂತು. ಏಳು ಸೆಕೆಂಡು. ಪರೀಕ್ಷೆಯ ಲೆಕ್ಕ ಇಲ್ಲಿಗೆ ಮುಗಿಯುತ್ತದೆ, ರಸ್ತೆಯ ಲೆಕ್ಕ ಮುಗಿಯುವುದಿಲ್ಲ. ಏಳು ಸೆಕೆಂಡಿನಲ್ಲಿ ಬಸ್ಸು ಓಡಿದ್ದು 105 ಮೀಟರ್. ಎದುರಿನಿಂದ ಗಂಟೆಗೆ 72 ಕಿಲೋಮೀಟರಿನಲ್ಲಿ, ಅಂದರೆ ಸೆಕೆಂಡಿಗೆ 20 ಮೀಟರಿನಂತೆ, ಕಾರು ಬರುತ್ತಿದ್ದರೆ ಅದು ಅಷ್ಟೇ ಹೊತ್ತಿನಲ್ಲಿ 140 ಮೀಟರ್ ಹತ್ತಿರ ಬಂದಿರುತ್ತದೆ. ಎರಡೂ ಸೇರಿ 245 ಮೀಟರ್ ರಸ್ತೆ ಖಾಲಿ ಬೇಕು, ಅದೂ ಒಂದು ಮೀಟರೂ ಹೆಚ್ಚಿಗೆ ಉಳಿಯದ ಹಾಗೆ. ಇನ್ನು ಬಸ್ಸು ಏರಿನಲ್ಲಿದೆ, ಜನ ತುಂಬಿದ್ದಾರೆ, ಜವ ಗಂಟೆಗೆ 36 ಮಾತ್ರ ಎನ್ನಿ. ಆಗ 10ಯಾ = 5ಯಾ + 70, ಹದಿನಾಲ್ಕು ಸೆಕೆಂಡು. ಬಸ್ಸಿಗೆ 140, ಕಾರಿಗೆ 280, ಒಟ್ಟು 420 ಮೀಟರ್. ಬಸ್ಸು ನಿಧಾನವಾದಷ್ಟೂ ಓವರ್‌ಟೇಕ್ ಅಪಾಯ ಎಂದು ಡ್ರೈವರುಗಳು ಹೇಳುವುದು ಇದನ್ನೇ. ಈ ಲೆಕ್ಕ ಪುಸ್ತಕದಲ್ಲಿ ಇರಬೇಕಿತ್ತು ಎಂಬುದು ನನ್ನ ಬಹಳ ದಿನದ ತಕರಾರು.

ಬ್ರೇಕಿನ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂಬತ್ತನೇ ತರಗತಿಯಲ್ಲಿ ಚಲನೆಯ ಮೂರು ಸಮೀಕರಣ ಬಾಯಿಪಾಠ ಮಾಡಿದ್ದೀರಿ. ಅವು ನಿಜಕ್ಕೂ ಎರಡು ಸಂಗತಿ. ವೇಗೋತ್ಕರ್ಷ ಏಕರೂಪವಾಗಿದ್ದರೆ ಪ್ರತಿ ಸೆಕೆಂಡಿಗೆ ವೇಗ ಒಂದೇ ಪ್ರಮಾಣದಲ್ಲಿ ಬದಲಾಗುತ್ತದೆ, ಇದು ಒಂದು. ದೂರ ಅಂದರೆ ಸರಾಸರಿ ವೇಗ ಗುಣಿಸು ಕಾಲ, ಆ ಸರಾಸರಿ ಮೊದಲಿನ ಮತ್ತು ಕೊನೆಯ ವೇಗಗಳ ಸರೀ ನಡುವೆ ಇರುತ್ತದೆ, ಇದು ಎರಡು. ಉಳಿದದ್ದು ಇವುಗಳಲ್ಲಿ ಕಾಲವನ್ನು ತೆಗೆದುಹಾಕಿದರೆ ಸಿಗುತ್ತದೆ. ಸೆಕೆಂಡಿಗೆ 20 ಮೀಟರಿನಲ್ಲಿ ಹೋಗುತ್ತಿರುವ ಕಾರು ಬ್ರೇಕ್ ಹಾಕಿದ ಮೇಲೆ ಪ್ರತಿ ಸೆಕೆಂಡಿಗೆ 5ರಂತೆ ವೇಗ ಕಳೆದುಕೊಂಡರೆ ನಿಲ್ಲಲು 4 ಸೆಕೆಂಡು, ಸರಾಸರಿ ವೇಗ 10, ದೂರ 40 ಮೀಟರ್. ಅದೇ ಕಾರು ಸೆಕೆಂಡಿಗೆ 10 ಮೀಟರಿನಲ್ಲಿದ್ದರೆ 2 ಸೆಕೆಂಡು, ಸರಾಸರಿ 5, ದೂರ 10 ಮೀಟರ್. ವೇಗ ಎರಡು ಪಟ್ಟು, ದೂರ ನಾಲ್ಕು ಪಟ್ಟು. ಸೂತ್ರದಲ್ಲಿ ವೇಗದ ಮೇಲೆ ಕೂತಿರುವ ಆ ಸಣ್ಣ 2ರ ಅರ್ಥ ಇದು.

ಸರಾಸರಿಯಲ್ಲಿ ಒಂದು ಬಲೆ ಇದೆ. ಹೋಗುವಾಗ ಗಂಟೆಗೆ 40 ಕಿಲೋಮೀಟರ್, ಬರುವಾಗ 60, ಸರಾಸರಿ ಎಷ್ಟು? 50 ಎಂದು ಸಭೆಯಲ್ಲಿ ಈಗಾಗಲೇ ಯಾರೋ ಹೇಳಿದರು. ಸಮ ಆಗಿರುವುದು ದೂರ, ಕಾಲವಲ್ಲ. ಒಂದು ಬದಿಯ ದೂರ 120 ಎಂದಿಟ್ಟುಕೊಂಡರೆ ಹೋಗಲು 3 ಗಂಟೆ, ಬರಲು 2, ಒಟ್ಟು 240 ಕಿಲೋಮೀಟರಿಗೆ 5 ಗಂಟೆ, ಸರಾಸರಿ 48. 120ರ ಬದಲು ಯಾ ಇಟ್ಟರೂ 48 ಬರುತ್ತದೆ, ಯಾ ತಾನೇ ಹೊಡೆದುಹೋಗುತ್ತದೆ. ಮನೆಯಲ್ಲಿ ಮಾಡಿ ನೋಡಿ.

ಈಗ ಉತ್ತರವನ್ನು ಕಥೆಗೆ ಹಚ್ಚಿ ನೋಡುವ ಕೆಲಸಕ್ಕೆ ಬರುತ್ತೇನೆ. ಹೆಚ್ಚಿನವರು ಇದನ್ನು ಬಿಟ್ಟೇಬಿಡುತ್ತಾರೆ, ನನಗೆ ಇದೇ ಹೆಚ್ಚು ಪ್ರೀತಿಯ ಹಂತ. 15 ಮೀಟರ್ ಎತ್ತರದ ನೀರಿನ ಟಾಕಿಯ ಮೇಲೆ ನಿಂತು ಚೆಂಡನ್ನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದರೆ, ಅದು ಎಷ್ಟು ಹೊತ್ತಿಗೆ ನೆಲ ಮುಟ್ಟುತ್ತದೆ? ಲೆಕ್ಕ ಸುಲಭವಾಗಲೆಂದು ಗುರುತ್ವ ವೇಗೋತ್ಕರ್ಷ 9.8ರ ಬದಲು 10 ಎಂದಿಟ್ಟುಕೊಳ್ಳೋಣ. ವಾಕ್ಯ: ನೆಲ ಮುಟ್ಟುವ ಗಳಿಗೆಯಲ್ಲಿ ಎತ್ತರ ಸೊನ್ನೆಗೆ ಸಮ.

15 + 10ಯಾ − 5ಯಾ² = 0
ಯಾ² − 2ಯಾ − 3 = 0
(ಯಾ − 3)(ಯಾ + 1) = 0

ಯಾ 3 ಆಗಬೇಕು, ಇಲ್ಲವೆ −1. ‘ಕಾಲ ಋಣ ಆಗಲಾರದು, ಆದ್ದರಿಂದ ಯಾ = 3’ ಎಂದು ಎಲ್ಲರೂ ಬರೆಯುತ್ತಾರೆ. ಅಂಕಗಳೂ ಬರುತ್ತವೆ. ಆದರೆ −1 ಎಲ್ಲಿಂದ ಬಂತು? ನಾವು ಸಮೀಕರಣಕ್ಕೆ ಚೆಂಡಿನ ಹಾರಾಟವನ್ನಷ್ಟೇ ಹೇಳಿದೆವು, ಟಾಕಿಯ ಮೇಲೆ ನಿಂತ ಹುಡುಗನ ಸುದ್ದಿ ಹೇಳಲಿಲ್ಲ. ಈ ಚೆಂಡು ಯಾವ ಯಾವ ಗಳಿಗೆಯಲ್ಲಿ ನೆಲದ ಮಟ್ಟದಲ್ಲಿರುತ್ತದೆ ಎಂದು ಕೇಳಿದೆವು, ಅದು ಎರಡನ್ನೂ ಹೇಳಿತು. ಹುಡುಗ ಎಸೆಯುವುದಕ್ಕೆ ಒಂದು ಸೆಕೆಂಡು ಮೊದಲು ನೆಲದ ಮೇಲಿಂದ ಯಾರಾದರೂ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಚೆಂಡು ಎಸೆದಿದ್ದರೆ, ಒಂದು ಸೆಕೆಂಡಿನಲ್ಲಿ ಅದು 15 ಮೀಟರ್ ಏರಿ, ಸರಿಯಾಗಿ ಟಾಕಿಯ ಮಟ್ಟದಲ್ಲಿ, ಸರಿಯಾಗಿ 10ರ ವೇಗದಲ್ಲಿ ಹುಡುಗನ ಕೈ ಪಕ್ಕದಲ್ಲಿ ಹಾದುಹೋಗುತ್ತಿತ್ತು. ಅಲ್ಲಿಂದ ಮುಂದೆ ಎರಡೂ ಚೆಂಡುಗಳ ದಾರಿ ಒಂದೇ. ಕೆಳಗೆ ಬಂದು ಬೀಳುವಾಗಿನ ವೇಗವೂ 20. −1 ಸುಳ್ಳಲ್ಲ, ನಮ್ಮ ಕಥೆ ಸುರುವಾಗುವ ಮೊದಲಿನ ಮಾತು. ಬಿಡುವುದು ಸರಿ, ಏನನ್ನು ಬಿಡುತ್ತಿದ್ದೇವೆ ಎಂದು ತಿಳಿದು ಬಿಡಬೇಕು.

ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಇದೇ ಪೇಚು ಒಂದು ಕೋತಿಯ ಲೆಕ್ಕದಲ್ಲಿ ಬರುತ್ತದೆ. ಒಂದು ಹಿಂಡಿನ ಐದನೇ ಒಂದು ಭಾಗದಲ್ಲಿ ಮೂರು ಕಳೆದು, ಉಳಿದದ್ದರ ವರ್ಗದಷ್ಟು ಕೋತಿಗಳು ಗುಹೆಗೆ ಹೋದವು. ಕೊಂಬೆ ಹತ್ತಿದ ಒಂದು ಮಾತ್ರ ಕಾಣುತ್ತಿದೆ. ಹಿಂಡು ಎಷ್ಟು? ವಾಕ್ಯ: ಗುಹೆಗೆ ಹೋದವು ಮತ್ತು ಕಾಣುವ ಒಂದು ಸೇರಿ ಪೂರ್ತಿ ಹಿಂಡಿಗೆ ಸಮ. ಬಿಡಿಸಿದರೆ 50 ಬರುತ್ತದೆ, 5 ಕೂಡ ಬರುತ್ತದೆ. 50ರ ಐದನೇ ಒಂದು ಭಾಗ 10, ಮೂರು ಕಳೆದರೆ 7, ವರ್ಗ 49, ಒಂದು ಸೇರಿದರೆ 50. ಸರಿ. 5 ಹಾಕಿ ನೋಡಿ: ಐದನೇ ಒಂದು ಭಾಗ 1, ಮೂರು ಕಳೆದರೆ −2, ವರ್ಗ 4, ಒಂದು ಸೇರಿದರೆ 5. ಸಮೀಕರಣ ತುಟಿ ಪಿಟಕ್ಕೆನ್ನದೆ ಒಪ್ಪಿಕೊಳ್ಳುತ್ತದೆ. ಆದರೆ ಒಂದು ಕೋತಿಯಲ್ಲಿ ಮೂರು ಕೋತಿ ಕಳೆಯುವುದು ಹೇಗೆ? ಎರಡನೇ ಬೆಲೆ ಇಲ್ಲಿ ಹೊಂದುವುದಿಲ್ಲ, ತೆಗೆದುಕೊಳ್ಳಬಾರದು, ಋಣಸಂಖ್ಯೆಯ ವಸ್ತುಗಳನ್ನು ಲೋಕ ಒಪ್ಪುವುದಿಲ್ಲ ಎಂಬ ಅರ್ಥದ ಮಾತನ್ನು ಅವರು ಬರೆದಿದ್ದಾರೆ. ಗಮನಿಸಿ, ಇಲ್ಲಿ ಬಿಟ್ಟದ್ದು ಧನ ಸಂಖ್ಯೆ, 5. ‘ಋಣ ಬಂದರೆ ಬಿಡು’ ಎಂಬ ಬಾಯಿಪಾಠ ಈ ಕೋತಿಗಳ ಮುಂದೆ ನಡೆಯುವುದಿಲ್ಲ. ಹಿಂಡಿನ ಹತ್ತಿರ ಹೋಗಿಯೇ ನೋಡಬೇಕು.

ಕೊನೆಯದಾಗಿ ಎರಡು ಬಸ್ಸು. ಇಲ್ಲಿಂದ ಸೊಲ್ಲಾಪುರ ಸುಮಾರು 100 ಕಿಲೋಮೀಟರ್. ವಿಜಯಪುರದ ಬಸ್ಸು 8 ಗಂಟೆಗೆ ಬಿಟ್ಟು ಗಂಟೆಗೆ 40 ಕಿಲೋಮೀಟರಿನಂತೆ ಹೋಗುತ್ತದೆ. ಸೊಲ್ಲಾಪುರದ ಬಸ್ಸು 8-30ಕ್ಕೆ ಬಿಟ್ಟು 60ರಂತೆ ಬರುತ್ತದೆ. ಎಷ್ಟು ಗಂಟೆಗೆ ಎದುರಾಗುತ್ತವೆ? ವಾಕ್ಯ: ಎದುರಾದ ಗಳಿಗೆಯಲ್ಲಿ ಇದು ಓಡಿದ್ದು, ಅದು ಓಡಿದ್ದು ಕೂಡಿ 100ಕ್ಕೆ ಸಮ. ಯಾ ಅಂದರೆ 8 ಗಂಟೆಯಿಂದ ಕಳೆದ ಕಾಲ. ಸೊಲ್ಲಾಪುರದ ಬಸ್ಸು ಅರ್ಧ ಗಂಟೆ ಕಡಿಮೆ ಓಡಿದೆ.

40ಯಾ + 60(ಯಾ − ½) = 100
100ಯಾ = 130
ಯಾ = 1.3

ಹಾಗಾದರೆ 9-30 ಎಂದು ಬರೆದವರು ಕೈ ಎತ್ತಿ. ನಾಚಿಕೆ ಬೇಡ, ಎತ್ತಿ. 1.3 ಗಂಟೆ ಅಂದರೆ ಒಂದು ಗಂಟೆ ಮೂವತ್ತು ನಿಮಿಷವಲ್ಲ. 0.3 ಗುಣಿಸು 60, ಹದಿನೆಂಟು ನಿಮಿಷ. 9 ಗಂಟೆ 18 ನಿಮಿಷ. ನಮ್ಮದು ಓಡಿದ್ದು 52 ಕಿಲೋಮೀಟರ್, ಅವರದು 48. ಕೂಡಿಸಿ, 100.

ಉಪನ್ಯಾಸ ಇಲ್ಲಿಗೆ ಮುಗಿಯಿತು. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಪಾಲಕರು ಎದ್ದು, "ಸರ, ಇಷ್ಟ ಎಲ್ಲಾ ಬರಕೋತ ಕುಂತ್ರ ಪರೀಕ್ಷಾದಾಗ ಟೈಮ್ ಸಾಲತೈತೇನ್ರಿ?" ಎಂದರು. ವಾಕ್ಯ ಬರೆಯಲು ಅರ್ಧ ನಿಮಿಷ. ತಪ್ಪು ಸೂತ್ರ ಹಚ್ಚಿ, ಉತ್ತರ ಬಾರದೆ, ಹೊಡೆದುಹಾಕಿ ಮತ್ತೆ ಸುರು ಮಾಡಲು ಹತ್ತು ನಿಮಿಷ. ಹಂತಗಳಿಗೂ ಅಂಕಗಳಿರುತ್ತವೆ, ಕೊನೆಯ ಸಂಖ್ಯೆ ತಪ್ಪಿದರೂ ಸಮೀಕರಣ ಸರಿ ಇದ್ದರೆ ಪೂರ್ತಿ ಕೈತಪ್ಪಿ ಹೋಗುವುದಿಲ್ಲ ಎಂದೆ.

ಒಬ್ಬ ಹುಡುಗ ಗೋಲಗುಂಬಜದ ಪ್ರತಿಧ್ವನಿಯೂ ಚಲನೆಯ ಲೆಕ್ಕವೇ ಎಂದು ಕೇಳಿದ. ಹೌದು. ಮೇಲಿನ ಗ್ಯಾಲರಿಯ ಮಟ್ಟದಲ್ಲಿ ಒಳವ್ಯಾಸ ಸುಮಾರು 38 ಮೀಟರ್. ಚಪ್ಪಾಳೆಯ ಸದ್ದು ಎದುರು ಗೋಡೆ ಮುಟ್ಟಿ ವಾಪಸ್ ಬರಲು 76 ಮೀಟರ್ ಓಡಬೇಕು, ಸೆಕೆಂಡಿಗೆ 340ರಂತೆ 0.22 ಸೆಕೆಂಡು. ಎರಡು ಸದ್ದು ಬೇರೆ ಬೇರೆ ಕೇಳಬೇಕಾದರೆ ನಡುವೆ 0.1 ಸೆಕೆಂಡಾದರೂ ಇರಬೇಕು, ಇಲ್ಲಿ ಅದರ ಎರಡು ಪಟ್ಟು ಇದೆ. ಏಳು ಸಲ ಕೇಳುತ್ತದೆ ಎನ್ನುತ್ತಾರಲ್ಲ, ಏಳನೆಯದು ಬರುವ ಹೊತ್ತಿಗೆ ಒಂದೂವರೆ ಸೆಕೆಂಡು. ಗಡಿಯಾರ ಹಿಡಿದುಕೊಂಡು ಹೋಗು ಎಂದೆ.

ಕೊನೆಗೆ ಒಬ್ಬಳು ಹುಡುಗಿ. "ಸರ, ನಮ್ಮ ಬಸ್ಸು ಹೊರ್ತಿಯೊಳಗ ಚಾಕ್ಕ ನಿಲ್ಲಸ್ತಾರ್ರಿ. ಅದನ್ನ ಹೆಂಗ ಹಿಡೀಬೇಕ್ರಿ?"

ಹೊರ್ತಿ ಇಲ್ಲಿಂದ 40 ಕಿಲೋಮೀಟರ್, ನಿಲ್ಲುವುದು 20 ನಿಮಿಷ ಎಂದಿಟ್ಟುಕೊಳ್ಳೋಣ, ನೀನೇ ಬಂದು ಬರಿ ಯವ್ವಾ ಎಂದೆ. ಅವಳು ಬರೆದದ್ದು ಹೀಗೆ: 40(ಯಾ − ⅓) + 60(ಯಾ − ½) = 100. ನಮ್ಮ ಬಸ್ಸು 20 ನಿಮಿಷ, ಅಂದರೆ ಗಂಟೆಯ ಮೂರನೇ ಒಂದು ಭಾಗ, ಓಡಿಲ್ಲ. ಬಿಡಿಸಿದರೆ ಯಾ 86 ನಿಮಿಷ, 9-26. ನಮ್ಮದು 44 ಕಿಲೋಮೀಟರ್, ಅವರದು 56. ತಾಳೆಯಾಯಿತು, ಚಪ್ಪಾಳೆಯೂ ಬಿತ್ತು.

ಈಗ 40 ನಿಮಿಷ ನಿಲ್ಲಲಿ ಎಂದೆ. ⅓ ಇದ್ದಲ್ಲಿ ⅔ ಹಾಕಿ ಬಿಡಿಸಿದಳು: 94 ನಿಮಿಷ, 9-34. ನಮ್ಮ ಬಸ್ಸು ಆಗ ಎಲ್ಲಿದೆ ಎಂದು ಕೇಳಿದೆ. ಲೆಕ್ಕ ಹಾಕಿದಳು, 36 ಕಿಲೋಮೀಟರ್ ಬಂತು. ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿ, "ಇದು ಹೆಂಗ್ರಿ ಸರ? 9 ಗಂಟೇಕ್ಕ 40ರ ಹೊರ್ತಿ ಮುಟ್ಟೇದಲ್ರಿ" ಎಂದಳು. ಹಂತಗಳಲ್ಲಿ ಎಲ್ಲೂ ತಪ್ಪಿಲ್ಲ, ಮೊದಲ ಸಾಲಿನ ವಾಕ್ಯ ತಪ್ಪು. ನಿಲ್ಲುವುದು ಮುಗಿದ ಮೇಲೆಯೇ ಬಸ್ಸುಗಳು ಎದುರಾಗುತ್ತವೆ ಎಂದು ಸಮೀಕರಣ ಹೇಳುತ್ತಿದೆ. ಸೊಲ್ಲಾಪುರದ ಬಸ್ಸಿಗೆ ಹೊರ್ತಿ 60 ಕಿಲೋಮೀಟರ್, 8-30ಕ್ಕೆ ಬಿಟ್ಟದ್ದು 9-30ಕ್ಕೆ ಅಲ್ಲಿಗೆ ಬರುತ್ತದೆ. ನಮ್ಮ ಬಸ್ಸಿನವರು ಆಗಲೂ ಚಾ ಕುಡಿಯುತ್ತಿರುತ್ತಾರೆ, ಅವರು ಹೊರಡುವುದು 9-40ಕ್ಕೆ. ಹಳೆಯ ಸಾಲನ್ನು ಒರೆಸಿ 60(ಯಾ − ½) + 40 = 100 ಎಂದು ಬರೆದು, ಯಾ = 1½ ಎಂದು ಬಿಡಿಸಿ, ಪಕ್ಕದಲ್ಲಿ ‘ಹೊರ್ತಿ ಸ್ಟ್ಯಾಂಡಿನಾಗ’ ಎಂದೂ ಬರೆದು ಅವಳು ಖಡು ಕೊಟ್ಟು ಹೋದಳು.